ಆ ಟೈಪ್‌ರೈಟರ್ ಸದ್ದು

ಅಮೆರಿಕದ ಪತ್ತೇದಾರಿ ಟಿವಿ ಸರಣಿ ಕೊಲಂಬೊದ ‘ಮರ್ಡರ್ ಬೈ ದ ಬುಕ್’ ಕಂತಿನಲ್ಲಿ ಕೊಲೆಗಾರ ಯಾರೆಂದು ಮೊದಲೇ ಗೊತ್ತಾಗುವುದರಿಂದ ಕುತೂಹಲ ಉಳಿಯುವುದಿಲ್ಲ ಎಂದು ಬರೆದಿದ್ದೀರಿ. ನಾನು ಒಪ್ಪುವುದಿಲ್ಲ ಸರ್. 1971ರ ಈ ಕಂತಿನ ಶುರುವನ್ನೇ ನೋಡಿ. ಸಂಗೀತ ಇಲ್ಲ. ಕಾರು ಬರುತ್ತಿದೆ, ಕೇಳಿಸುವುದು ಟೈಪ್‌ರೈಟರ್‌ನ ಟಕಟಕ ಮಾತ್ರ. ಎದೆ ಢವಢವ ಅನ್ನುತ್ತದೆ. ನಿರ್ದೇಶಕ ಸ್ಪೀಲ್‌ಬರ್ಗ್‌ಗೆ ಆಗಿನ್ನೂ 24 ವರ್ಷ!

ಎರಡನೇ ಕೊಲೆ ಮಾತ್ರ ಸ್ವಲ್ಪ ಜಾಸ್ತಿಯಾಯಿತು. ಕೊಲೆಗಾರನನ್ನೇ ಬ್ಲ್ಯಾಕ್‌ಮೇಲ್ ಮಾಡುವ ಆ ಅಂಗಡಿಯ ಹೆಂಗಸು ಅವನನ್ನು ಅಷ್ಟು ಸುಲಭವಾಗಿ ನಂಬುತ್ತಾಳಾ?

ಆದರೆ ಕೊನೆ ಇದೆಯಲ್ಲ, ಅಬ್ಬಾ. ಗೆಳೆಯ ಬರೆದ ಪುಸ್ತಕಗಳಿಂದ ಹೆಸರು ಮಾಡಿ, ಆ ಗೆಳೆಯನನ್ನೇ ಕೊಂದವನು ಕೆನ್. ಸಿಕ್ಕಿಬಿದ್ದ ಮೇಲೂ, ಆ ಕೊಲೆಯ ಉಪಾಯ ಮಾತ್ರ ನನ್ನದೇ ಎನ್ನುತ್ತಾನೆ. ಕೆನ್ ಪಾತ್ರ ಮಾಡಿದ ಜ್ಯಾಕ್ ಕ್ಯಾಸಿಡಿ ಅದನ್ನು ಹೇಳುವ ರೀತಿಗೆ ನನಗೆ ಅವನ ಮೇಲೂ ಅಯ್ಯೋ ಅನ್ನಿಸಿತು.