ಆ ತಂತಿ ದಾಟಬೇಡಿ, ದಯವಿಟ್ಟು

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ನಮ್ಮ ಕನ್ನಡದ ಮಂದಿಗೆ ಮಾಂಟೆರೆ, ಕಾರ್ಮೆಲ್ ಹೊಸದಲ್ಲ. ಊರಿಂದ ಅಪ್ಪ ಅಮ್ಮ ಬಂದರೆ, ಲಾಂಗ್ ವೀಕೆಂಡ್ ಸಿಕ್ಕರೆ, ಪುಳಿಯೋಗರೆ ಮೊಸರನ್ನ ಕಟ್ಟಿಕೊಂಡು ಹೈವೇ 1 ಹಿಡಿಯುತ್ತೇವೆ. ಅದೇ ದಾರಿಯಲ್ಲಿ, ಕಾರ್ಮೆಲ್ ದಾಟಿ ಸ್ವಲ್ಪವೇ ಮುಂದೆ, ಬಲಗಡೆಗೆ ಪಾಯಿಂಟ್ ಲೋಬೋಸ್. ಕ್ಯಾಲಿಫೋರ್ನಿಯಾದ ಸ್ಟೇಟ್ ಪಾರ್ಕ್‌ಗಳಲ್ಲೆಲ್ಲ ನನಗೆ ತುಂಬಾ ಪ್ರೀತಿಯ ಜಾಗ ಅದು. ಅಲ್ಲಿ ಕಾಲುದಾರಿಯ ಅಂಚಿಗೆ ಗಿಡ್ಡ ಗೂಟಗಳನ್ನು ನೆಟ್ಟು ತೆಳುವಾದ ತಂತಿ ಎಳೆದಿದ್ದಾರೆ. ಮಕ್ಕಳೂ ದಾಟಬಹುದು, ಅಷ್ಟು ತಗ್ಗು. ಅದನ್ನು ದಾಟಬೇಡಿ ಅಂತ ಕೇಳಿಕೊಳ್ಳಲಿಕ್ಕೇ ಇವತ್ತು ಇಷ್ಟುದ್ದ ಬರೆಯುತ್ತಿದ್ದೇನೆ.

ಹೋದ ಸಲ ಸೈಪ್ರೆಸ್ ತೋಪಿನ ಹತ್ತಿರ ಒಂದು ಗುಂಪು ತಂತಿಯಾಚೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿತ್ತು. ನಮ್ಮ ಭಾಷೆಯವರೇ. ಈಚೆ ಬನ್ನಿ ಅಂದರೆ, "ಎರಡು ಹೆಜ್ಜೆ ಇಟ್ಟರೆ ಏನಾಗುತ್ತೆ ಸಾರ್, ದುಡ್ಡು ಕೊಟ್ಟು ತಾನೇ ಬಂದಿರೋದು" ಅಂದರು. ಏನಾಗುತ್ತದೆ ಅನ್ನುವುದಕ್ಕೆ ಉತ್ತರ ಅವರ ಕಾಲ ಕೆಳಗೇ ಇತ್ತು. ಬಂಡೆಯ ಸಂದಿಯಲ್ಲಿ ಸೇರಿಕೊಂಡ ಒಂದಿಷ್ಟು ಮಣ್ಣು, ಅದನ್ನು ಹಿಡಿದು ಕೂತ ಡಡ್ಲಿಯಾ ಗಿಡ. ಅಂಗೈ ಅಗಲದ ಹೂವಿನಂತೆ ಎಲೆ ಜೋಡಿಸಿಕೊಂಡು, ಮೇಲೆಲ್ಲ ಬೂದಿ ಬಣ್ಣದ ಪುಡಿ. ಅದು ಬೆಳೆಯುವುದು ನಿಧಾನ. ಒಂದು ಬೂಟು ಬಿದ್ದರೆ ಗಿಡ ಹೋಯಿತು, ಗಿಡ ಹೋದಮೇಲೆ ಮುಂದಿನ ಮಳೆಗೆ ಆ ಮಣ್ಣೂ ಹೋಯಿತು. ಈ ಗಿಡಗಳನ್ನು ಕ್ಯಾಲಿಫೋರ್ನಿಯಾದ ಕರಾವಳಿಯಿಂದ ಕದ್ದು ವಿದೇಶಕ್ಕೆ ಸಾಗಿಸುವ ದಂಧೆ ಎಷ್ಟು ಬೆಳೆಯಿತೆಂದರೆ, 2021ರಲ್ಲಿ ಅದಕ್ಕೆಂದೇ ಕಾನೂನು ತರಬೇಕಾಯಿತು.

ಇನ್ನು ಆ ಮರಗಳು. ಮಾಂಟೆರೆ ಸೈಪ್ರೆಸ್ ಅನ್ನು ಇವತ್ತು ಪ್ರಪಂಚದ ಎಷ್ಟೋ ಕಡೆ ನೆಟ್ಟು ಬೆಳೆಸಿದ್ದಾರೆ. ಆದರೆ ತಾನಾಗಿ ಹುಟ್ಟಿ ಬೆಳೆದ ತೋಪು ಇರುವುದು ಎರಡೇ ಕಡೆ. ಒಂದು ಪೆಬಲ್ ಬೀಚ್ ಬದಿಗೆ, ಇನ್ನೊಂದು ಇಲ್ಲಿ. ಮೈಲಿಗಿಂತ ಕಡಿಮೆ ಉದ್ದದ ದಾರಿ ಈ ತೋಪನ್ನು ಸುತ್ತಿ ಬರುತ್ತದೆ. ಕಡಲಿನ ಕಡೆ ಮುಖಮಾಡಿದ ಕೊಂಬೆಗಳನ್ನು ಹತ್ತಿರದಿಂದ ನೋಡಿ: ಒಣಗಿದ ರೆಂಬೆಯ ಮೇಲೆ ಕಡು ಕಿತ್ತಳೆ ಬಣ್ಣದ ಮಖಮಲ್ಲು ಹೊದಿಸಿದಂತಿರುತ್ತದೆ. ಮರಕ್ಕೆ ರೋಗ ಬಂದಿದೆ ಅಂದುಕೊಳ್ಳುವವರೇ ಹೆಚ್ಚು. ಅದು ಟ್ರೆಂಟೆಪೋಲಿಯಾ ಅನ್ನುವ ಪಾಚಿ. ಜಾತಿಯಲ್ಲಿ ಹಸಿರು ಪಾಚಿಯೇ, ಬಣ್ಣ ಮಾತ್ರ ಕ್ಯಾರೆಟ್‌ನಲ್ಲಿರುವ ಕ್ಯಾರೋಟಿನ್‌ನದು. ಮರಕ್ಕೆ ಅದರಿಂದ ತೊಂದರೆಯಿಲ್ಲ. ಕಡಲ ಮಂಜಿನ ತೇವದಲ್ಲಿ ಬದುಕುತ್ತದೆ.

ಇಂಥ ಜಾಗ ತಾನಾಗಿ ಉಳಿದದ್ದಲ್ಲ. ಚೀನೀ ಮೀನುಗಾರರು 1850ರ ದಶಕದಲ್ಲಿ ಇಲ್ಲಿನ ವೇಲರ್ಸ್ ಕೋವ್ ಎಂಬ ಪುಟ್ಟ ಕೊಲ್ಲಿಯಲ್ಲಿ ಕಟ್ಟಿದ ಮನೆಯೊಂದು ಈಗಲೂ ನಿಂತಿದೆ. ಆಮೇಲೆ ಪೋರ್ಚುಗೀಸ್ ತಿಮಿಂಗಿಲ ಬೇಟೆಗಾರರು, ಅಬಲೋನಿ ಚಿಪ್ಪುಜೀವಿಗಳನ್ನು ಮುಳುಗಿ ತೆಗೆದು ಡಬ್ಬಿಗೆ ತುಂಬಿಸುತ್ತಿದ್ದ ಜಪಾನೀಯರು, ಗ್ರಾನೈಟ್ ಒಡೆದು ಸಾಗಿಸಿದವರು. 1890ರ ಹೊತ್ತಿಗೆ ಇಲ್ಲಿ ಸೈಟು ಮಾಡಿ ಮಾರಲಿಕ್ಕೂ ಶುರುಮಾಡಿದ್ದರು! ನಕ್ಷೆ ಬರೆದು, ಬೀದಿಗಳಿಗೆ ಗೆರೆ ಎಳೆದಾಗಿತ್ತು. 1898ರಲ್ಲಿ ಅಲೆಕ್ಸಾಂಡರ್ ಅಲನ್ ಎಂಬುವರು ಜಮೀನು ಕೊಂಡು, ಮಾರಿಹೋಗಿದ್ದ ಸೈಟುಗಳನ್ನು ಒಂದೊಂದಾಗಿ ವಾಪಸ್ ಕೊಂಡುಕೊಂಡರು. ಜನ ವಿಪರೀತವಾದಾಗ ಗೇಟು ಹಾಕಿ ಶುಲ್ಕವನ್ನೂ ಇಟ್ಟರು. ಅವರು ತೀರಿಕೊಂಡಮೇಲೆ 1933ರಲ್ಲಿ ಜಾಗ ರಾಜ್ಯದ ಕೈಗೆ ಬಂತು. ಸೈಪ್ರೆಸ್ ತೋಪಿಗೆ ಇವತ್ತೂ ಅಲನ್ ಹೆಸರಿದೆ. 1960ರಲ್ಲಿ ನೀರಿನಡಿಯ ಭಾಗವನ್ನೂ ಸಂರಕ್ಷಿತ ಎಂದು ಸಾರಿದರು, ಅಮೆರಿಕದಲ್ಲಿ ಹಾಗೆ ಮಾಡಿದ ಮೊದಮೊದಲ ಜಾಗಗಳಲ್ಲಿ ಇದೂ ಒಂದು. ತುಪ್ಪಳಕ್ಕಾಗಿ ಕೊಂದು ಕೊಂದು, ಮುಗಿದೇಹೋದವು ಎಂದುಕೊಂಡಿದ್ದ ಕಡಲ ನೀರುನಾಯಿಗಳ ಚಿಕ್ಕ ಗುಂಪೊಂದು 1938ರಲ್ಲಿ ಇಲ್ಲಿಂದ ದಕ್ಷಿಣಕ್ಕೆ ಬಿಕ್ಸ್‌ಬಿ ಹಳ್ಳದ ಹತ್ತಿರ ಕಂಡಿತ್ತು. ಇವತ್ತು ಪಾಯಿಂಟ್ ಲೋಬೋಸ್‌ನಲ್ಲಿ ಅವು ಕೆಲ್ಪ್ ಎಂಬ ಉದ್ದನೆಯ ಕಡಲ ಪಾಚಿಯ ಬಳ್ಳಿ ಸುತ್ತಿಕೊಂಡು ಅಂಗಾತ ಮಲಗಿರುವುದನ್ನು ದಡದಿಂದಲೇ ನೋಡಬಹುದು.

ಒಳಗೆ ಪಾರ್ಕಿಂಗ್ ತುಂಬಿದೆ ಅಂತ ಗೇಟಿನಲ್ಲಿ ಕಾರು ತಡೆದರೆ ನಮಗೆ ಸಿಟ್ಟು ಬರುತ್ತದೆ. ಪಾರ್ಕಿಂಗ್ ಹೆಚ್ಚು ಮಾಡಲಿಕ್ಕೆ ಇವರಿಗೇನು ರೋಗ ಅನ್ನುವವರಿದ್ದಾರೆ. ಮಾಡಬಾರದು. ಒಳಗೆ ಎಷ್ಟು ಕಾರು ಹಿಡಿಯುತ್ತದೋ ಅಷ್ಟೇ ಜನ ಆ ದಾರಿಯಲ್ಲಿ ಇರಬೇಕು. ವಾರಾಂತ್ಯ ಬಿಟ್ಟು ಹೋಗಿ, ಇಲ್ಲವೇ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ.

ನಮ್ಮೂರಿನ ಕಡೆ ನೋಡಿ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದಲ್ಲಿ ಜಾತ್ರೆಯಂತೆ ಜನ ಸೇರಿದ ವಿಡಿಯೋ ಎಲ್ಲರೂ ನೋಡಿದ್ದೇವೆ. ಸರಕಾರ ಚಾರಣವನ್ನೇ ನಿಲ್ಲಿಸಿ, ಆಮೇಲೆ ಆನ್‌ಲೈನ್ ಬುಕಿಂಗ್, ದಿನಕ್ಕಿಷ್ಟೇ ಜನ ಎಂಬ ಮಿತಿ ತಂದಿತು. ಆಗ ಫೇಸ್‌ಬುಕ್‌ನಲ್ಲಿ ಎಷ್ಟು ಕೂಗಾಟ! ನಾನು ಆ ಮಿತಿಯ ಪರ. ಶೋಲಾ ಕಾಡಿಗೂ ಹುಲ್ಲುಗಾವಲಿಗೂ ಅದು ಬೇಕೇ ಬೇಕು. ಆದರೆ ಟಿಕೆಟ್ಟು ಒಂದೇ ಸಾಲದು. ಪಾಯಿಂಟ್ ಲೋಬೋಸ್‌ನಲ್ಲಿ ಹಸಿರು ಜಾಕೆಟ್ಟಿನ ಸ್ವಯಂಸೇವಕರು ದೂರದರ್ಶಕ ನಿಲ್ಲಿಸಿಕೊಂಡು, ಬಂದವರನ್ನೆಲ್ಲ ಕರೆದು ತೋರಿಸುತ್ತಾರೆ. ಹೆಚ್ಚಿನವರು ನಿವೃತ್ತರು. ಬೈಯುವುದಿಲ್ಲ, ವಿವರಿಸುತ್ತಾರೆ. ಸೀಲ್ ಮರಿ ಹಾಕುವ ಏಪ್ರಿಲ್-ಮೇ ಹೊತ್ತಿಗೆ ಚೈನಾ ಕೋವ್ ಮೇಲಿನ ದಾರಿಯಲ್ಲಿ, ಗದ್ದಲವಾದರೆ ತಾಯಿ ಹೆದರಿ ನೀರಿಗಿಳಿಯುತ್ತದೆ, ಮರಿ ಮರಳಿನ ಮೇಲೆ ಒಂಟಿಯಾಗುತ್ತದೆ ಅಂತ ಒಬ್ಬ ಹಿರಿಯ ಹೆಂಗಸು ನಮ್ಮ ಪಕ್ಕದಲ್ಲಿದ್ದ ಮಕ್ಕಳಿಗೆ ಹೇಳಿದರು. ಆ ಮಕ್ಕಳು ತಾವೇ ಬಾಯಿಮೇಲೆ ಬೆರಳಿಟ್ಟುಕೊಂಡು ಅಪ್ಪನನ್ನೂ ಸುಮ್ಮನಾಗಿಸಿದವು. ಸುಬ್ರಹ್ಮಣ್ಯದ ಕಡೆ, ಕುದುರೆಮುಖದ ಕಡೆ, ಆ ಕಾಡನ್ನು ಬಲ್ಲ ಊರಿನವರಿಗೆ ಸಂಬಳ ಕೊಟ್ಟು ಹೀಗೆ ನಿಲ್ಲಿಸಿದರೆ ಬೋರ್ಡುಗಳಿಗಿಂತ ನೂರು ಪಾಲು ಕೆಲಸವಾಗುತ್ತದೆ.

ಹೋಗುವವರಿಗೆ ಇನ್ನಿಷ್ಟು. ಕಾರು ನಿಲ್ಲಿಸಿ ಒಂದು ವ್ಯೂ ಪಾಯಿಂಟ್ ನೋಡಿ ಹೊರಡಬೇಡಿ, ಪೂರ್ತಿ ಸುತ್ತು ಹಾಕಿ. ಆರೇಳು ಮೈಲಿ, ದೊಡ್ಡ ಏರು ಇಲ್ಲ. ವೇಲರ್ಸ್ ಕೋವ್‌ನಿಂದ ಉತ್ತರದ ದಂಡೆ ಹಿಡಿದು ಸೈಪ್ರೆಸ್ ತೋಪು, ಅಲ್ಲಿಂದ ಸೀ ಲಯನ್ ಪಾಯಿಂಟ್, ದಕ್ಷಿಣ ದಂಡೆಯುದ್ದಕ್ಕೂ ಬರ್ಡ್ ಐಲೆಂಡ್‌ವರೆಗೆ, ವಾಪಸ್ ಒಳಗಿನ ಪೈನ್ ಕಾಡಿನ ದಾರಿ. ಬೇಸಿಗೆಯಲ್ಲೂ ಜಾಕೆಟ್ ಬೇಕು. ಮೂರೆಲೆಯ ಪಾಯ್ಸನ್ ಓಕ್ ಗಿಡವನ್ನು ಗುರುತು ಮಾಡಿಕೊಂಡು ಹೋಗಿ, ತಾಗಿದರೆ ವಾರಗಟ್ಟಲೆ ತುರಿಕೆ. ನಾಯಿಗೆ ಪ್ರವೇಶವಿಲ್ಲ. ಚಿಪ್ಪು, ಕಲ್ಲು, ಪೈನ್ ಕಾಯಿ ಯಾವುದನ್ನೂ ಜೇಬಿಗೆ ಹಾಕಿಕೊಳ್ಳುವಂತಿಲ್ಲ, ಮಕ್ಕಳಿಗೆ ಕಾರಿನಲ್ಲೇ ಹೇಳಿಬಿಡಿ. ಸಾಕಾದರೆ ಯಾವ ಪಾರ್ಕಿಂಗ್ ಹತ್ತಿರವೋ ಅಲ್ಲಿಗೆ ಇಳಿದುಬಿಡಬಹುದು, ಅಪ್ಪ ಅಮ್ಮ ಜೊತೆಗಿದ್ದರೆ ದಕ್ಷಿಣದ ತುದಿಯಲ್ಲಿ ಬರ್ಡ್ ಐಲೆಂಡ್ ದಾರಿಯಿಂದಲೇ ಶುರುಮಾಡಿ.