ಜ್ವರ ಬಿಟ್ಟ ಮರುದಿನವೇ ಜಿಮ್‌ಗೆ ಓಡಬೇಡಿ

ಇಪ್ಪತ್ತೈದರ ಹುಡುಗ. ಹತ್ತು ದಿನದ ಹಿಂದೆ ಜ್ವರ, ಮೈಕೈ ನೋವು ಬಂದುಹೋಗಿದೆ. ಈಗ ಎದೆನೋವು, ಮೆಟ್ಟಿಲು ಹತ್ತಿದರೆ ಏದುಸಿರು. ಮನೆಯವರು ಕೊಡೋದು ಈನೋ. ಈ ವಯಸ್ಸಿಗೆ ಹಾರ್ಟ್ ತೊಂದರೆ ಎಲ್ಲಿಂದ, ಗ್ಯಾಸ್ಟ್ರಿಕ್ಕೇ ಇರಬೇಕು ಅಂತ.

ರಕ್ತನಾಳ ಕಟ್ಟಿಕೊಂಡರೆ ಮಾತ್ರ ಹೃದಯರೋಗ ಅನ್ನೋ ನಂಬಿಕೆ ಇಲ್ಲಿ ದಾರಿ ತಪ್ಪಿಸುತ್ತೆ. ನಾಳಗಳು ಚೊಕ್ಕವಾಗಿದ್ದರೂ ಹೃದಯದ ಸ್ನಾಯುವಿಗೇ ಉರಿಯೂತ ಆಗಬಹುದು. ಅದೇ ಮಯೋಕಾರ್ಡೈಟಿಸ್. ಕಾಕ್ಸಾಕಿ, ಅಡಿನೋ, ಪಾರ್ವೊ ಅನ್ನೋ ವೈರಸ್‌ಗಳು, ಫ್ಲೂ, ಕೊರೊನಾ, ನಮ್ಮ ಮಳೆಗಾಲದ ಡೆಂಗ್ಯೂ ಕೂಡ ಇದಕ್ಕೆ ಕಾರಣವಾಗಬಲ್ಲವು. ವೈರಸ್ ಮಾಡೋ ಹಾನಿ ಒಂದು ಪಾಲು. ಅದನ್ನು ಓಡಿಸಲು ಬಂದ ರೋಗನಿರೋಧಕ ಕೋಶಗಳು ಚೆನ್ನಾಗಿರೋ ಸ್ನಾಯುವಿನ ಮೇಲೂ ಬೀಳೋದು ಇನ್ನೊಂದು ಪಾಲು. ಅದಕ್ಕೇ ಜ್ವರ ಇಳಿದು ಒಂದೆರಡು ವಾರವಾದ ಮೇಲೂ ಲಕ್ಷಣ ಶುರುವಾಗುತ್ತೆ.

ಇಸಿಜಿ ನಾರ್ಮಲ್ ಬಂತು ಅಂತ ಸಮಾಧಾನ ಪಡಬೇಡಿ. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಪ್ರೋಟೀನ್ ಟ್ರೋಪೋನಿನ್. ಅದರ ರಕ್ತಪರೀಕ್ಷೆ ಮಾಡಿಸಿ, ಕೆಲವು ಗಂಟೆ ಬಿಟ್ಟು ಮತ್ತೆ ಮಾಡಿಸಿ. ಏರಿದ್ದರೆ ಅಡ್ಮಿಟ್ ಆಗಲೇಬೇಕು, ಬಡಿತದ ಲಯ ಯಾವಾಗ ಕೆಡುತ್ತೋ ಹೇಳೋಕಾಗಲ್ಲ. ಕೆಲವರ ಇಸಿಜಿ ಥೇಟ್ ಹಾರ್ಟ್ ಅಟ್ಯಾಕ್ ಥರಾನೇ ಇರುತ್ತೆ, ಆಂಜಿಯೋಗ್ರಾಂನಲ್ಲಿ ಬ್ಲಾಕ್ ಮಾತ್ರ ಇರಲ್ಲ. "ಬ್ಲಾಕ್ ಇಲ್ಲ, ಮನೆಗೆ ಹೋಗಿ" ಅಂದುಬಿಟ್ಟರೆ ಕಾಯಿಲೆ ಕೈತಪ್ಪಿದಂತೆ. ಆಗ ಬೇಕಾದ್ದು ಹೃದಯದ ಎಂಆರ್‌ಐ. ಅದರಲ್ಲಿ ಅಟ್ಯಾಕ್‌ನ ಗಾಯದ ಕಲೆ ಸ್ನಾಯುವಿನ ಒಳಪದರದಿಂದ ಶುರುವಾಗುತ್ತೆ. ಉರಿಯೂತದ್ದು ಹೆಚ್ಚಾಗಿ ಹೊರಪದರದಲ್ಲಿ ಅಥವಾ ನಡುವೆ ಕಾಣುತ್ತೆ.

ಐಬುಪ್ರೊಫೇನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ನೀವೇ ನುಂಗಬೇಡಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಸ್ಟೀರಾಯ್ಡ್ ಎಲ್ಲರಿಗೂ ಅಲ್ಲ, ಜಯಂಟ್ ಸೆಲ್ ಅನ್ನೋ ಅಪರೂಪದ, ತೀವ್ರ ಮಯೋಕಾರ್ಡೈಟಿಸ್‌ನಂಥ ಕೆಲವು ಬಗೆಗಳಿಗೆ ಮಾತ್ರ. ಪಂಪಿಂಗ್ ಕುಸಿದಿದ್ದರೆ ಹಾರ್ಟ್ ಫೇಲ್ಯೂರ್ ಮಾತ್ರೆಗಳು ಬೇಕಾಗುತ್ತವೆ, ಹುಷಾರಾದೆ ಅಂತ ಅವನ್ನು ನೀವಾಗೇ ನಿಲ್ಲಿಸಬಾರದು.

ಕೊರೊನಾ ಲಸಿಕೆಯಿಂದಲೇ ಇದು ಬರೋದು ಅನ್ನೋ ಮಾತು ಕಾಮೆಂಟಿನಲ್ಲಿ ಬರುತ್ತೆ, ಗೊತ್ತು. ಸ್ಪಷ್ಟವಾಗಿ ಸಂಬಂಧ ಕಂಡುಬಂದದ್ದು ಫೈಜರ್, ಮಾಡರ್ನಾದಂಥ ಎಂಆರ್‌ಎನ್‌ಎ ಲಸಿಕೆಗಳಲ್ಲಿ, ಅದೂ ಅಪರೂಪವಾಗಿ, ಹೆಚ್ಚಾಗಿ ಹದಿಹರೆಯದ, ಯುವ ಗಂಡಸರಲ್ಲಿ. ನಮ್ಮಲ್ಲಿ ಬಹುತೇಕರು ಹಾಕಿಸಿಕೊಂಡ ಕೋವಿಶೀಲ್ಡ್, ಕೋವ್ಯಾಕ್ಸಿನ್ ಆ ಜಾತಿಯವಲ್ಲ.

ಇನ್ನು ಜಿಮ್. ಕಾಕ್ಸಾಕಿ ಸೋಂಕು ತಗುಲಿಸಿದ ಇಲಿಗಳನ್ನು ಬಲವಂತವಾಗಿ ಈಜಿಸಿದಾಗ ಹೃದಯದಲ್ಲಿ ವೈರಸ್ ಹೆಚ್ಚಿತು, ಸಾವೂ ಹೆಚ್ಚಿತು. ಜ್ವರವಿದ್ದಾಗ ಬೆವರು ಹರಿಸಿದರೆ ಬೇಗ ವಾಸಿ ಅನ್ನೋದು ಶುದ್ಧ ಸುಳ್ಳು. ಜ್ವರ, ಸುಸ್ತು ಪೂರ್ತಿ ಹೋಗೋವರೆಗೆ ನಡಿಗೆ ಸಾಕು. ಮಯೋಕಾರ್ಡೈಟಿಸ್ ಖಚಿತವಾದರೆ ಸಾಮಾನ್ಯವಾಗಿ 3ರಿಂದ 6 ತಿಂಗಳು ಓಟ, ಕ್ರಿಕೆಟ್, ತೂಕ ಎತ್ತೋದು ಬಂದ್. ಆಮೇಲೂ ಎಕೋ, 24 ಗಂಟೆ ಬಡಿತ ದಾಖಲಿಸೋ ಹೋಲ್ಟರ್, ಟ್ರೆಡ್‌ಮಿಲ್ ಟೆಸ್ಟ್ ಸರಿ ಬಂದರಷ್ಟೇ ಮೈದಾನ. ನಡುವೆ ತಲೆ ತಿರುಗಿ ಬಿದ್ದರೆ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.