ಯಾರೂ ಹೇಳ್ಲಿಲ್ಲಣ್ಣ

ಇವತ್ತು ರಾತ್ರಿ ಊಟ ಸೇರಲಿಲ್ಲ. ತಲೆ ತಣ್ಣಗಾಗುವ ಮೊದಲೇ ಬರೆದುಬಿಡುತ್ತೇನೆ.

ನಿನ್ನೆ ಮಧ್ಯಾಹ್ನ ನಮ್ಮ ಆಸ್ಪತ್ರೆಯ ಪ್ಲಾಸ್ಟರ್ ರೂಮಿಗೆ ಒಬ್ಬ ತಾಯಿ ಬಂದರು. ತೋಳಲ್ಲಿ ಎರಡೂವರೆ ವರ್ಷದ ಗಂಡು ಮಗು. ತೊಡೆ ಮೂಳೆ ಮುರಿದಿತ್ತು. ಹತ್ತು ದಿನದ ಹಿಂದೆ ಬೇರೆ ಕಡೆ ಸ್ಪೈಕಾ ಹಾಕಿಸಿದ್ದರು. ಎದೆಯಿಂದ ಮುರಿದ ಕಾಲಿನ ಪಾದದ ಗೆಣ್ಣಿನ ತನಕ, ಇನ್ನೊಂದು ಕಾಲಿಗೆ ಮಂಡಿ ಮೇಲಿನ ತನಕ ಪ್ಲಾಸ್ಟರ್. ಬಾಗಿಲಲ್ಲೇ ವಾಸನೆ ಬಂತು. ತೊಡೆ ಸಂದಿಯಲ್ಲಿ ಪ್ಲಾಸ್ಟರ್ ಉಚ್ಚೆ ಕುಡಿದು, ನೆನೆಸಿದ ಅವಲಕ್ಕಿ ಹಾಗೆ ಮೆತ್ತಗಾಗಿತ್ತು. ಅಂಚನ್ನು ಒರಟಾಗಿಯೇ ಬಿಟ್ಟಿದ್ದರು. ಅದು ತಾಗಿ ತಾಗಿ ಚರ್ಮ ಸುಲಿದಿತ್ತು. ಎರಡು ಕಾಲಿನ ಮಧ್ಯೆ ಒಂದು ಅಡ್ಡಕೋಲು ಕಟ್ಟಿರುತ್ತೇವಲ್ಲ, ಆ ತಾಯಿ ಅದನ್ನೇ ಹಿಡಿದು ಮಗುವನ್ನು ಎತ್ತುತ್ತಿದ್ದರಂತೆ. ಹಿಡಿಕೆ ಅಂದುಕೊಂಡಿದ್ದರು, ಪಾಪ. ಕೋಲಿನ ಬುಡದಲ್ಲಿ ಬಿರುಕು ಬಿಟ್ಟಿತ್ತು.

"ಮನೇಲಿ ಹೇಗೆ ನೋಡ್ಕೋಬೇಕು ಅಂತ ಹೇಳಿ ಕಳಿಸಲಿಲ್ವೇನಮ್ಮ?" ಅಂದೆ.

"ಯಾರೂ ಹೇಳ್ಲಿಲ್ಲಣ್ಣ. ಒಂದೂವರೆ ತಿಂಗಳು ಬಿಟ್ಟು ಕರ್ಕೊಂಡು ಬನ್ನಿ ಅಂದ್ರು, ಅಷ್ಟೇ."

19 ವರ್ಷದಿಂದ ನಾನು ಇದೇ ಪ್ಲಾಸ್ಟರ್ ಹಾಕುವ ಕೆಲಸದಲ್ಲಿರುವುದು ನಿಮಗೆಲ್ಲ ಗೊತ್ತು. ಈ ಮಾತು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಅಷ್ಟೇ ಕೋಪ ಬರುತ್ತದೆ.

ಇವತ್ತು ಬೆಳಿಗ್ಗೆ ಅಷ್ಟು ಚಿಕ್ಕ ಮಗುವಿಗೆ ಮತ್ತೆ ಅರಿವಳಿಕೆ ಕೊಡಬೇಕಾಯಿತು. ಹಳೆಯದನ್ನು ಬಿಚ್ಚಿ, ಹುಣ್ಣಿಗೆ ಡ್ರೆಸ್ಸಿಂಗ್ ಮಾಡಿ, ಹೊಸದು ಹಾಕಿದೆವು. ಸ್ಪೈಕಾ ಟೇಬಲ್ ನೋಡಿದವರಿಗೆ ಗೊತ್ತು. ತಲೆ, ಭುಜ ಒಂದು ಹಲಗೆ ಮೇಲೆ. ಸೊಂಟದ ಕೆಳಗೆ ಒಂದು ಪುಟ್ಟ ಆಸರೆ. ಬಾಕಿ ಮೈಯೆಲ್ಲ ಗಾಳಿಯಲ್ಲಿ. ಡಾಕ್ಟರು ಮೂಳೆ ಕೂರಿಸಿ ಕಾಲು ಹಿಡಿದುಕೊಂಡರೆ ಮುಗಿಯುವ ತನಕ ಆ ಕೈ ಅಲುಗಬಾರದು. ಮೊದಲು ಸ್ಟಾಕಿನೆಟ್, ಅಂದರೆ ಕೊಳವೆಯಂಥ ಮೆತ್ತನೆ ಬಟ್ಟೆ, ತೊಡಿಸುತ್ತೇವೆ. ಹೊಟ್ಟೆ ಮೇಲೆ ಮಡಿಸಿದ ಟವೆಲ್ ಇಡುತ್ತೇವೆ. ಪ್ಲಾಸ್ಟರ್ ಗಟ್ಟಿಯಾದ ಮೇಲೆ ಟವೆಲ್ ಎಳೆದು ತೆಗೆದರೆ ಅಲ್ಲಿ ಜಾಗ ಉಳಿಯುತ್ತದೆ. ಮಗು ಉಸಿರಾಡುವುದು, ಹೊಟ್ಟೆ ತುಂಬ ಉಣ್ಣುವುದು ಆ ಜಾಗದಲ್ಲೇ.

ಆಮೇಲೆ ಹತ್ತಿ. ನಾನು ಜಾಸ್ತಿ ಹೊತ್ತು ತಗೊಳ್ಳುವುದು ಇಲ್ಲೇ. ಬೆನ್ನಿನ ಬುಡ, ಸೊಂಟದ ಎರಡು ಮೂಳೆ, ಮಂಡಿ, ಹಿಮ್ಮಡಿಯ ಮೇಲ್ಭಾಗ, ಎಲ್ಲೆಲ್ಲಿ ಮೂಳೆ ಉಬ್ಬಿದೆಯೋ ಅಲ್ಲೆಲ್ಲ ಇನ್ನೊಂದು ಪದರ. ಮಂಡಿಯ ಹೊರಬದಿಗೆ ಸ್ವಲ್ಪ ಕೆಳಗೆ ಒಂದು ನರ ಮೂಳೆಗೆ ಅಂಟಿಕೊಂಡೇ ಹಾದುಹೋಗುತ್ತದೆ. ಅದು ಒತ್ತಿಕೊಂಡರೆ ಪಾದ ಮೇಲೆತ್ತೋಕೆ ಆಗುವುದಿಲ್ಲ. ಇಷ್ಟಾದ ಮೇಲೆ ಪ್ಲಾಸ್ಟರ್ ಪಟ್ಟಿ. ನೀರಲ್ಲಿ ಅದ್ದಿ, ಗುಳ್ಳೆ ಬರುವುದು ನಿಲ್ಲುವ ತನಕ ಬಿಡಬೇಕು. ಬಿಸಿ ನೀರಾದರೆ ಬೇಗ ಸೆಟ್ ಆಗುತ್ತದೆ. ಆದರೆ ಪ್ಲಾಸ್ಟರ್ ಗಟ್ಟಿಯಾಗುವಾಗ ತಾನೇ ಬಿಸಿಯಾಗುತ್ತದೆ, ಎರಡೂ ಸೇರಿದರೆ ಚರ್ಮ ಸುಡಬಹುದು. ಸೊಂಟಕ್ಕೂ ತೊಡೆಗೂ ಓರೆಯಾಗಿ ಸುತ್ತುತ್ತಾ ಹೋದರೆ ಪಟ್ಟಿಗಳು ಒಂದರ ಮೇಲೊಂದು ಹೆಣೆದುಕೊಳ್ಳುತ್ತವೆ. ಸ್ಪೈಕಾ ಅಂದರೆ ಲ್ಯಾಟಿನ್‌ನಲ್ಲಿ ತೆನೆ ಅಂತಲೇ ಅರ್ಥ. ಗೋಧಿ ತೆನೆ ನೋಡಿದ್ದೀರಲ್ಲ, ಹಾಗೇ ಕಾಣುತ್ತದೆ. 19 ವರ್ಷವಾದರೂ ಅದು ಸರಿಯಾಗಿ ಕೂತಾಗ ನನಗೆ ಖುಷಿಯಾಗುತ್ತದೆ.

ನಾನೇನೂ ತಪ್ಪೇ ಮಾಡದವನಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಮಗುವಿನ ಹಸಿ ಪ್ಲಾಸ್ಟರನ್ನು ಬೆರಳ ತುದಿಯಲ್ಲಿ ಒತ್ತಿ ಹಿಡಿದಿದ್ದೆ. ಅಂಗೈಯಲ್ಲಿ ಹಿಡಿಯಬೇಕು ಅಂತ ಹೇಳಿಕೊಟ್ಟಿದ್ದರು, ಅವಸರದಲ್ಲಿ ಮರೆತೆ. ಬೆರಳು ಒತ್ತಿದ ಗುಳಿ ಒಳಗೆ ಹಾಗೇ ಗಟ್ಟಿಯಾಗಿತ್ತು. ಆರು ವಾರ ಬಿಟ್ಟು ಕಟ್ ಮಾಡಿದಾಗ ಹಿಮ್ಮಡಿಯಲ್ಲಿ ರೂಪಾಯಿ ಅಗಲದ ಹುಣ್ಣು. ಆ ಮಗು ರಾತ್ರಿಯೆಲ್ಲ ಅಳುತ್ತಿತ್ತಂತೆ. ಪ್ಲಾಸ್ಟರ್ ಹಾಕಿದರೆ ಮಕ್ಕಳು ಹೀಗೇ ಅಳುತ್ತವೇನೋ ಅಂತ ಅವರಮ್ಮ ಸುಮ್ಮನಿದ್ದರು. ಒಂದೇ ಕಡೆ ನೋವು, ಉರಿ ಅಂತ ಅತ್ತರೆ ತಕ್ಷಣ ಬನ್ನಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಆ ಯಾರೂ ಅಂದರೆ ನಾನೇ.

ಒಪಿಡಿಯಲ್ಲಿ ಕ್ಯೂ ನೋಡಿದ್ದೀರಾ, ಒಬ್ಬೊಬ್ಬರಿಗೂ ಪಾಠ ಹೇಳುತ್ತಾ ಕೂತರೆ ಆಗುತ್ತಾ ಅಂತ ಕೇಳುವವರಿದ್ದಾರೆ. ಆ ಕ್ಯೂ ಎದುರಿಗೇ ನಿಂತು ಕೆಲಸ ಮಾಡುವವನು ನಾನು. ಹೇಳೋಕೆ ಹತ್ತು ನಿಮಿಷ ಸಾಕು. ಹೇಳದೆ ಕಳಿಸಿದ್ದಕ್ಕೆ ಇವತ್ತು ಅರ್ಧ ದಿನ ಆಪರೇಷನ್ ಥಿಯೇಟರ್ ಬೇಕಾಯಿತು. ಆ ಮಗು ಮತ್ತೆ ಬೆಳಿಗ್ಗೆಯಿಂದ ಹಸಿದುಕೊಂಡು ಮಲಗಬೇಕಾಯಿತು. ಓದು ಬರಹ ಬರದವರಿಗೆ ಹೇಳಿದರೂ ತಿಳಿಯುವುದಿಲ್ಲ ಅನ್ನುವವರೂ ಇದ್ದಾರೆ. ಅದನ್ನಂತೂ ಕೇಳೋಕೂ ಆಗುವುದಿಲ್ಲ ನನಗೆ.

1852ರಲ್ಲಿ ಪ್ಲಾಸ್ಟರ್ ಪಟ್ಟಿಯ ವಿಧಾನವನ್ನು ಪ್ರಕಟಿಸಿದ ಮಾಥೈಸೆನ್ ಡಚ್ ಸೇನೆಯ ವೈದ್ಯರು. ಮೂಳೆ ಮುರಿದ ಸೈನಿಕರನ್ನು ಅಲುಗದ ಹಾಗೆ ಸಾಗಿಸಬೇಕಿತ್ತು. ನಮ್ಮ ಕೈಯಿಂದ ದೂರ ಹೋಗುವವರಿಗೇ ಅಲ್ವಾ ಪ್ಲಾಸ್ಟರ್ ಹಾಕುವುದು?

ಸಂಜೆ ವಾರ್ಡಿಗೆ ಹೋಗಿ ಆ ತಾಯಿಯ ಪಕ್ಕ ಕೂತೆ. ಪುಟ್ಟ ಡೈಪರನ್ನು ಅಂಚಿನ ಒಳಗೆ ಸೇರಿಸಿ, ದೊಡ್ಡದನ್ನು ಮೇಲೆ ಕಟ್ಟುವುದು ತೋರಿಸಿದೆ. ಉಚ್ಚೆ ಬೆನ್ನ ಕಡೆ ಹರಿಯದ ಹಾಗೆ ತಲೆ ಕಡೆ ಸ್ವಲ್ಪ ಎತ್ತರ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಕಾಲ್ಬೆರಳು ಬೆಚ್ಚಗಿವೆಯಾ, ಆಡುತ್ತಿವೆಯಾ ನೋಡುವುದು. ತುರಿಸಿದರೆ ಕಡ್ಡಿ ಹಾಕಬಾರದು, ಪೌಡರೂ ಬೇಡ. ಕೋಲು ಹಿಡಿದು ಎತ್ತಬೇಡಿ ಅನ್ನುವ ಮೊದಲೇ ಅವರೇ, "ಗೊತ್ತಾಯ್ತಣ್ಣ, ಕೆಳಗಿಂದ ಎರಡೂ ಕೈ" ಅಂದರು. ಮಗ್ಗುಲು ಅವರೇ ಹೊರಳಿಸಿ ತೋರಿಸಿದರು. ಮಗು ನನ್ನ ಐಡಿ ಕಾರ್ಡ್ ಹಿಡಿದು ಎಳೆಯುತ್ತಿತ್ತು.

ಪ್ಲಾಸ್ಟರ್ ಪೂರ್ತಿ ಒಣಗೋಕೆ ಎರಡು ಮೂರು ದಿನ ಬೇಕು. ಸದ್ಯಕ್ಕೆ ಸ್ಟಾಕಿನೆಟ್ ಅಂಚನ್ನು ಹೊರಗೆ ಮಡಿಸಿಟ್ಟಿದ್ದೇನೆ. ಒಣಗಿದ ಮೇಲೆ ಅಂಚಿಗೆಲ್ಲ ಟೇಪಿನ ತುಂಡುಗಳನ್ನು ಹೂವಿನ ಎಸಳಿನ ಹಾಗೆ ಅಂಟಿಸಬೇಕು. ಎಸಳು ನಾನೇ ಕತ್ತರಿಸಿ ಇಟ್ಟಿರ್ತೀನಿ, ಅಂಟಿಸೋದು ಹೇಳಿಕೊಡಿ ಅಂತ ಆ ತಾಯಿ ಅಂದಿದ್ದಾರೆ. ನಾಡಿದ್ದು ಬೆಳಿಗ್ಗೆ ಮೊದಲು ಅಲ್ಲಿಗೇ ಹೋಗುತ್ತೇನೆ.